ಆನೆಕಲ್ಲು ಬಿದ್ದ ಸಂಜೆ

ಏಪ್ರಿಲ್ ಕೊನೆಯ ಒಂದು ಸಂಜೆ. ಜಿಗಣಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಹತ್ತಿಪ್ಪತ್ತು ಜನ ಮಳೆಗೆ ಸಿಕ್ಕಿಕೊಂಡು ನಿಂತಿದ್ದೆವು. ಮೊದಲು ಗಾಳಿ, ಆಮೇಲೆ ದಪ್ಪ ಹನಿ, ಆಮೇಲೆ ಪಕ್ಕದ ಶೆಡ್ಡಿನ ತಗಡಿನ ಮೇಲೆ ಯಾರೋ ಜೆಲ್ಲಿ ಸುರಿದ ಹಾಗೆ ಸದ್ದು. ಸೊಪ್ಪು ಮಾರಲು ಬಂದಿದ್ದ ಅಜ್ಜಿಯೊಬ್ಬರು ಬುಟ್ಟಿಯನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂಗಿದರು: "ಯಮ್ಮೋ, ಆನೆಕಲ್ಲು ಬೀಳ್ತಾವೆ! ಮಕ್ಕಳ್ನ ಒಳಿಕ್ಕೆ ಕರ್ಕಳಿ!"

ಮೂರನೇ ಮಹಡಿಯ ಹುಬ್ಬಳ್ಳಿಯವರು ಗಾಬರಿಯಿಂದ ನನ್ನ ಕಡೆ ತಿರುಗಿ, "ಆನಿ ಬಂದಾವೇನ್ರಿ?" ಎಂದರು.

ಅದು ತೀರಾ ಪೆದ್ದು ಪ್ರಶ್ನೆಯೇನಲ್ಲ. ಬನ್ನೇರುಘಟ್ಟದ ಕಾಡು ನಮ್ಮ ಬೆನ್ನಿಗೇ ಇದೆ; ಅದು ಹಾಗೇ ತಳಿಯ ಕಾಡಿಗೆ ಕೂಡಿಕೊಳ್ಳುತ್ತದೆ; ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಗಡಿ ನೋಡದೆ ಓಡಾಡುತ್ತವೆ. ಆದರೆ ಅಜ್ಜಿ ಹೇಳಿದ್ದು ಆಲಿಕಲ್ಲನ್ನು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕಾದ ಮೇಲೆ ಹೊಳೆಯಿತು: ಅಲ್ಲಿದ್ದ ಅಷ್ಟು ಜನರಲ್ಲಿ ಆ ಮಾತು ಅರ್ಥವಾದದ್ದು ಇಬ್ಬರಿಗೆ ಮಾತ್ರ, ಆಡಿದವರಿಗೆ ಮತ್ತು ನನಗೆ. ಉಳಿದವರಿಗೆ ಆನೇಕಲ್ ಎಂದರೆ ಖಾತೆಗಾಗಿ ಅಲೆಯಬೇಕಾದ ತಾಲ್ಲೂಕು ಕಚೇರಿಯ ಊರು. ಆ ಊರಿನ ಹೆಸರಿನಲ್ಲೇ ಆಲಿಕಲ್ಲು ಇದೆ ಎಂದು ಹೇಳಲು ಹೋದೆ. ಅಷ್ಟರಲ್ಲಿ ಮಳೆ ನಿಂತಿತು.

ನಮ್ಮ ಕಡೆಯ ಮಾತಿಗೆ ಹೆಸರಿಲ್ಲ. ಕುಂದಾಪುರದವರದು ಕುಂದಾಪ್ರ ಕನ್ನಡ, ಹವ್ಯಕರದು ಹವಿಗನ್ನಡ, ಅರೆಭಾಷೆಗಂತೂ ಮಡಿಕೇರಿಯಲ್ಲಿ ಅಕಾಡೆಮಿಯೇ ಇದೆ. ನೀಲಗಿರಿಯ ಬಡಗಕ್ಕೆ ಜನಗಣತಿಯಲ್ಲಿ ಕನ್ನಡದ ಕೆಳಗೆ ತನ್ನದೊಂದು ಸಾಲು ಸಿಕ್ಕಿದೆ. ಜಿಗಣಿ, ಹಾರಗದ್ದೆ, ಆನೇಕಲ್, ಅತ್ತಿಬೆಲೆ, ಗಡಿಯಾಚೆಗೆ ತಳಿ, ಕೆಲಮಂಗಲ, ದೆಂಕಣಿಕೋಟೆ, ಹೊಸೂರು, ಇಷ್ಟು ಸುತ್ತಳತೆಯಲ್ಲಿ ಆಡುವ ಮಾತನ್ನು ನಾವು 'ನಮ್ ಕಡೆ ಮಾತು' ಎಂದಷ್ಟೇ ಕರೆದೆವು. ಕೋಲಾರದವರು ಅದು ತಮ್ಮದೇ ಎನ್ನಬಹುದು, ಮಂಡ್ಯದವರಿಗೂ ಅರ್ಧಕ್ಕಿಂತ ಹೆಚ್ಚು ತಮ್ಮದಾಗಿ ಕೇಳಿಸೀತು. ಹೆಸರಿಲ್ಲದ್ದು ಕಳೆದುಹೋದರೆ ಕಳೆದುಹೋಯಿತು ಅಂತ ದೂರು ಬರೆಸುವುದಾದರೂ ಹೇಗೆ?

ನನ್ನ ಅಜ್ಜಿ ತಳಿಯ ಪಕ್ಕದ ಹಳ್ಳಿಯವಳು. ಮದುವೆಯಾಗಿ ಜಿಗಣಿಗೆ ಎತ್ತಿನ ಗಾಡಿಯಲ್ಲಿ ಬಂದವಳು. ಆಗ ಆ ಎರಡು ಊರುಗಳ ನಡುವೆ ಇದ್ದದ್ದು ಮೈಸೂರು ಸಂಸ್ಥಾನಕ್ಕೂ ಬ್ರಿಟಿಷರ ಸೇಲಂ ಜಿಲ್ಲೆಗೂ ನಡುವಿನ ಗಡಿ. ನೆಂಟಸ್ತನಕ್ಕೆ ಆ ಗಡಿ ಲೆಕ್ಕಕ್ಕೇ ಇರಲಿಲ್ಲ. ಹೆಣ್ಣು ಕೊಡುವುದು, ತರುವುದು, ಎತ್ತಿನ ಜೋಡಿ ಕೊಳ್ಳುವುದು, ಸಾಲ, ಸಂತೆ, ಜಾತ್ರೆ ಎಲ್ಲ ಆ ಕಡೆ ಈ ಕಡೆ ನಡೆದೇ ಇತ್ತು. 1956ರಲ್ಲಿ ರಾಜ್ಯಗಳು ಭಾಷೆಯ ಪ್ರಕಾರ ಹಂಚಿಕೆಯಾದಾಗ ಹೊಸೂರು ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಅಲ್ಲಿಯೇ ಉಳಿದ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಹುಟ್ಟಿದ ಊರಿನಿಂದ ಕದಲದೆ ಮೂರು ಜಿಲ್ಲೆ ಕಂಡವಳು. ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಯಾವ ಜಿಲ್ಲೆ ಅಂತ ಯಾರಾದರೂ ಕೇಳಿದರೆ, "ಈಗ ಯಾವ್ದೋ, ಅವ್ರ್ನೇ ಕೇಳ್ಬೇಕು" ಎನ್ನುತ್ತಿದ್ದಳು.

ಮಾತು ಹೇಗಿತ್ತು ಅಂತ ಹೇಳುವುದು ಕಷ್ಟ, ಆಡಿ ತೋರಿಸಬೇಕು. ಬೆಳಗ್ಗೆ 'ವತ್ತಾರೆ'. ಇಡುವುದು 'ಮಡಗೋದು'. ಸ್ವಲ್ಪ 'ವಸಿ', ಬಹಳ 'ಬೋ', ಬೇಗ 'ಬಿರ್ನೆ'. ಒಂದು ಸಲ 'ಒಂದಪ', ಅದು ಉರ್ದುವಿನ ದಫಾ ನಮ್ಮ ಬಾಯಲ್ಲಿ ಸವೆದು ಉಳಿದದ್ದು. ಕೆರೆಯವರೆಗೆ 'ಕೆರೆಗಂಟ', ಅಂಗಡಿಯ ಹತ್ತಿರ 'ಅಂಗ್ಡಿ ತಾವ'. ಇದ್ದಾನೆ ಎನ್ನುವುದು 'ಅವ್ನೆ', ಬರುತ್ತಿದ್ದಾನೆ ಎನ್ನುವುದು 'ಬತ್ತಾವ್ನೆ'. ಮುದ್ದೆಗೆ ಮುದ್ದೆ ಅನ್ನುತ್ತಿರಲಿಲ್ಲ, 'ಇಟ್ಟು'. ಯಾರ ಮನೆಗೆ ಹೋದರೂ ಮೊದಲ ಮಾತು "ಇಟ್ಟುಂಡಾ?" ಇದು ಊಟಕ್ಕೆ ಕರೆಯುವುದೂ ಹೌದು, ಕುಶಲ ಕೇಳುವುದೂ ಹೌದು.

ಹ-ಕಾರ ನಮ್ಮ ಕಡೆ ಇರಲಿಲ್ಲ. ಇದರಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೂರನೇ ತರಗತಿಯಲ್ಲಿ ಉಕ್ತಲೇಖನ. ಮೇಷ್ಟ್ರು ಹೇಳಿದ್ದು 'ಹಸು', ನಾನು ಬರೆದದ್ದು 'ಅಸು'. ಅವರು ಸ್ಲೇಟನ್ನು ಎತ್ತಿ ಇಡೀ ತರಗತಿಗೆ ತೋರಿಸಿ, "ನೋಡ್ರಯ್ಯಾ, ಇವನ ಮನೇಲಿ ಹಸು ಇಲ್ಲ, ಬರೀ ಅಸು ಇರೋದು, ಅದೂ ಯಾವಾಗ ಹೋಗುತ್ತೋ" ಎಂದರು. ನಗದಿದ್ದವನು ನಾನೊಬ್ಬನೇ. ಮನೆಗೆ ಬಂದು ಹ-ಕಾರ ರೂಢಿ ಮಾಡಿಕೊಳ್ಳಲು ಕೂತೆ. ಎಷ್ಟು ರೂಢಿಯಾಯಿತೆಂದರೆ ಆನೆ 'ಹಾನೆ'ಯಾಯಿತು, ಎಲೆ 'ಹೆಲೆ'ಯಾಯಿತು. ಅದಕ್ಕೂ ಏಟು ಬಿತ್ತು. ಮುಂದೊಂದು ವರ್ಷ ನಮ್ಮ ಮನೆಯ ಕರೆಯುವ ಹಸು ನಿಜವಾಗಿ ಸತ್ತಿತು. ಅಪ್ಪ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅಸು ಅಂತ ಬರೆದದ್ದು ಅಂಥ ದೊಡ್ಡ ತಪ್ಪೇನಲ್ಲ ಅಂತ ಆಗ ಅನ್ನಿಸಿತು.

ತಪ್ಪಲ್ಲ ಎನ್ನುವುದಕ್ಕೆ ಬೇರೆ ಕಾರಣವೂ ಇದೆಯೆಂದು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಹಳಗನ್ನಡದಲ್ಲಿ ಹಾಲು 'ಪಾಲ್'. ಪ-ಕಾರ ಸಡಿಲಾಗಿ ಹ-ಕಾರವಾಯಿತು, ಪಾಲ್ ಹಾಲಾಯಿತು. ಅದನ್ನು ಭಾಷೆಯ ಬೆಳವಣಿಗೆ ಅಂತ ಪಾಠ ಮಾಡಿದರು, ಪರೀಕ್ಷೆಗೆ ಐದು ಅಂಕ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಮ್ಮವರು ಹ-ಕಾರವನ್ನೂ ಬಿಟ್ಟು 'ಆಲು' ಎಂದರು, ಅದಕ್ಕೆ ಸೊನ್ನೆ. ನಮ್ಮ ಜಗುಲಿಯ ಮೇಲೆ ಒಂದೇ ಚೊಂಬಿನ ಹಾಲಿಗೆ ತಮಿಳಿನ ವ್ಯಾಪಾರಿ ಪಾಲ್ ಅನ್ನುತ್ತಿದ್ದ, ತೆಲುಗಿನ ಎದುರು ಮನೆಯವರು ಪಾಲು ಅನ್ನುತ್ತಿದ್ದರು, ಮೇಷ್ಟ್ರು ಹಾಲು ಅನ್ನುತ್ತಿದ್ದರು, ಕರೆದು ತಂದ ಅಜ್ಜಿ ಆಲು ಅನ್ನುತ್ತಿದ್ದಳು. ಸಾವಿರ ವರ್ಷದ ಚರಿತ್ರೆ ಒಂದು ಜಗುಲಿಯಲ್ಲಿ ಕಾಲು ಚಾಚಿ ಕೂತಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ತೆಲುಗಿನ ಮಾತು ಬಂತು. ಜಿಗಣಿ ಸುತ್ತ ಅರ್ಧ ಊರು ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಬಂಡೆ ಒಡೆಯುವವರದು ಒಂದು ತೆಲುಗು, ಒಕ್ಕಲು ಮಾಡುವವರದು ಇನ್ನೊಂದು. ಆನೇಕಲ್ಲಿನ ಕರಗ ಹೊರುವ ತಿಗಳರ ಮನೆಮಾತಿನಲ್ಲಿ ತಮಿಳಿನ ನೆರಳು. ಆನೇಕಲ್ ಆಚೆಯ ಜಲಪಾತದ ಹೆಸರನ್ನೇ ನೋಡಿ, ಮುತ್ಯಾಲಮಡುವು. ಮುತ್ಯಾಲ ತೆಲುಗು, ಮಡುವು ಕನ್ನಡ. ಅದನ್ನು 'ಪರ್ಲ್ ವ್ಯಾಲಿ' ಮಾಡಿದವರಿಗೆ ಎರಡೂ ಬೇಕಾಗಲಿಲ್ಲ.

ನೇಗಿಲಿಗೆ ನಮ್ಮಲ್ಲಿ 'ಮಡಕೆ' ಅನ್ನುತ್ತಿದ್ದರು, ಅದು ತೆಲುಗಿನಿಂದ ಬಂದದ್ದು. ಮೈಸೂರು ಕಡೆಯಿಂದ ಬಂದ ನಮ್ಮ ದೊಡ್ಡಮ್ಮ ಮದುವೆಯಾದ ವಾರದಲ್ಲೇ ಮೋಸಹೋದರು. ದೊಡ್ಡಪ್ಪ ಎಲ್ಲಿ ಅಂತ ಕೇಳಿದ್ದಕ್ಕೆ ಅಜ್ಜಿ, "ಮಡಕೆ ಒಡಿಯಾಕೆ ಓಗವ್ನೆ" ಎಂದಳಂತೆ. ಗಂಡ ಬೆಳಗ್ಗೆ ಎದ್ದವನೇ ಮಡಕೆ ಒಡೆಯಲು ಹೋಗಿದ್ದಾನೆ! ಎಂಥ ಮನೆಗೆ ಬಂದೆನಪ್ಪಾ ಅಂತ ಒಳಗೊಳಗೇ ಅತ್ತರಂತೆ. ಇದನ್ನು ಅವರೇ ಹೇಳಿ ನಗುತ್ತಿದ್ದರು. ಈಗ ಹೇಳಿದರೆ ಅರ್ಧಗಂಟೆ ವಿವರಿಸಬೇಕು. ನಮ್ಮಲ್ಲೀಗ ಉಳುವ ಮಡಕೆಯೂ ಇಲ್ಲ, ನೀರಿನ ಮಡಕೆಯೂ ಇಲ್ಲ.

ಆದರೆ ನನ್ನನ್ನು ಬಿಡದೆ ಕಾಡುವ ಪದ ಒಂದೇ, 'ಅಕ್ಕಡಿ'.

ರಾಗಿ ಹೊಲದಲ್ಲಿ ಬರೀ ರಾಗಿ ಹಾಕುವ ಪದ್ಧತಿ ಇರಲಿಲ್ಲ. ಇಷ್ಟು ಸಾಲಿಗೊಂದು ಸಾಲು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಅಂಚಿಗೆ ಸಾಸಿವೆ. ಇದೇ ಅಕ್ಕಡಿ ಸಾಲು. ಗಂಡಸರು ಕೂರಿಗೆ ಹಿಡಿದು ಮುಂದೆ ಹೋದರೆ ಅಕ್ಕಡಿ ಕಾಳು ಬಿಡುವುದು ಹೆಂಗಸರ ಕೆಲಸ. ಅಜ್ಜಿ ಮಡಿಲಿನಲ್ಲಿ ಬೆರೆಸಿದ ಕಾಳು ಕಟ್ಟಿಕೊಂಡು, ಬಿದಿರಿನ ಕೊಳವೆಗೆ ಬೆರಳ ಸಂದಿಯಿಂದ ಬಿಡುತ್ತಾ ನಡೆಯುತ್ತಿದ್ದಳು. ಎಷ್ಟು ಬೆರೆಸಬೇಕು ಎನ್ನುವುದು ಅವಳ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕೇಳಿದರೆ, "ರಾಗಿ ಒಟ್ಟೆಗೆ, ಅಕ್ಕಡಿ ಸಾರ್ಗೆ" ಎಂದು ಮಾತು ಮುಗಿಸುತ್ತಿದ್ದಳು. ರಾಗಿ ಹಸಿರಾಗಿರುವಾಗಲೇ ಹುಚ್ಚೆಳ್ಳು ಹಳದಿ ಹೂ ಬಿಡುತ್ತಿತ್ತು. ರಾಗಿ ಕೊಯ್ಲಾದ ಮೇಲೂ ಅವರೆ ಹೊಲದಲ್ಲೇ ನಿಂತು, ಮಾರ್ಗಶಿರದ ಇಬ್ಬನಿ ಕುಡಿದು ಕಾಯಿ ಕಚ್ಚುತ್ತಿತ್ತು. ಕಾಯಿ ಬಿಡಿಸಿದರೆ ಬೆರಳಿಗೆ ಅಂಟು, ಅಂಟಿಗೊಂದು ಘಾಟು ವಾಸನೆ. ಅದೇ ಸೊಗಡು. ಪುಸ್ತಕ ವಿಮರ್ಶೆ ಬರೆಯುವವರು ಮಾತೆತ್ತಿದರೆ 'ಗ್ರಾಮ್ಯ ಭಾಷೆಯ ಸೊಗಡು' ಅನ್ನುತ್ತಾರೆ. ಅವರಲ್ಲಿ ಎಷ್ಟು ಜನರ ಬೆರಳಿಗೆ ಅದು ಅಂಟಿದೆಯೋ ಕಾಣೆ.

ನಮ್ಮ ಮಾತೂ ಅಂಥದೇ ಹೊಲ. ಹಾಕಿದ್ದು ಕನ್ನಡವೇ, ಸಾಲು ಬಿಟ್ಟು ಸಾಲಿಗೆ ತೆಲುಗು, ತಮಿಳು, ಉರ್ದು. ಯಾವುದು ಯಾರದು ಅಂತ ಕಳೆ ಕೀಳುವವರು ಇರಲಿಲ್ಲ.

ಕೈಗಾರಿಕಾ ಪ್ರದೇಶಕ್ಕೆ ಭೂಮಿ ಹೋದಾಗ ಮೊದಲು ಹೋದದ್ದು ಆ ಹೊಲ. ಪರಿಹಾರದ ಪತ್ರದಲ್ಲಿ ಎಕರೆ, ಗುಂಟೆ, ಮರಗಳ ಲೆಕ್ಕ, ಬಾವಿಯ ಲೆಕ್ಕ ಎಲ್ಲ ಇತ್ತು. ಹೊಲದ ಜೊತೆಗೆ ಹೋದ ಮಾತುಗಳ ಲೆಕ್ಕ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಅಕ್ಕಡಿ ಹೋಯಿತು, ಕೂರಿಗೆ, ಕುಂಟೆ, ಕಣ, ಮೆದೆ ಹೋದವು. ಹಿಪ್ಪುನೇರಳೆ ತೋಟ ಹೋದ ಮೇಲೆ 'ಉಳ ಅಣ್ಣಾದ್ವು' ಎನ್ನುವ ಮಾತು ಹೋಯಿತು. ರೇಷ್ಮೆ ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ, ಮೈ ತಿಳಿಯಾಗಿ, ಗೂಡು ಕಟ್ಟಲು ತಲೆ ಎತ್ತುವ ಗಳಿಗೆಗೆ ಹಣ್ಣಾಗುವುದು ಎಂದು ಹೆಸರು. ಆ ರಾತ್ರಿ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ, ಎಲ್ಲರೂ ಹುಳು ಆಯ್ದು ಗೂಡು ಕಟ್ಟುವ ಚಂದ್ರಂಕಿ ತಟ್ಟೆಗೆ ಬಿಡಬೇಕು. ಅತ್ತೆ ಬಾಗಿಲಿಗೆ ಬಂದು "ಏಳ್ರಪ್ಪೋ, ಉಳ ಅಣ್ಣಾಗವೆ" ಎಂದರೆ ನಿದ್ದೆಗಣ್ಣಲ್ಲಿ ಎದ್ದು ಕೂರುತ್ತಿದ್ದೆವು. ಆ ತೋಟವಿದ್ದ ಕಡೆ ಈಗ ಗ್ರಾನೈಟ್ ಪಾಲಿಷ್ ಮಾಡುವ ಕಾರ್ಖಾನೆ, ರಸ್ತೆ ತುಂಬ ಕಲ್ಲಿನ ಬಿಳಿ ಹುಡಿ. ನಾನೂ ಅಂಥದೇ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದೆ, ಸುಳ್ಳು ಯಾಕೆ ಹೇಳಲಿ. ಆ ಸಂಬಳದಲ್ಲೇ ಮಗಳು ಓದಿದ್ದು.

ಹೊಸ ಪದ ನುಂಗಲಾರದೆ ನಮ್ಮ ಮಾತು ಸತ್ತಿತು ಅಂತ ಮಾತ್ರ ಯಾರೂ ತಿಳಿಯಬಾರದು. ಅದು ಏನು ಕೊಟ್ಟರೂ ಅರಗಿಸುತ್ತಿತ್ತು. ಶಿಫ್ಟು 'ಸಿಪ್ಟು' ಆಯಿತು, ಓವರ್‌ಟೈಮು 'ಓಟಿ' ಆಯಿತು. "ಓಟೀಗೆ ಓಗವ್ನೆ, ವತ್ತಾರೆ ಬತ್ತಾನೆ" ಎಂದು ಅಜ್ಜಿ ಸಲೀಸಾಗಿ ಹೇಳುತ್ತಿದ್ದಳು. ಕೆಟ್ಟದ್ದು ನಮ್ಮ ನಾಚಿಕೆಯಿಂದ. ಮೇಷ್ಟ್ರ ಮುಂದೆ ನಾಚಿದೆವು, ಬೆಂಗಳೂರಿನ ನೆಂಟರ ಮುಂದೆ ನಾಚಿದೆವು. ಸಿನಿಮಾದಲ್ಲಿ ನಾಯಕ ಪುಸ್ತಕದ ಕನ್ನಡ ಆಡಿದರೆ, ನಮ್ಮ ಕನ್ನಡ ಆಡುವವನು ಅವನ ಮನೆಯ ಆಳು ಅಥವಾ ನಗಿಸುವವನು. ದೇವನೂರ ಮಹಾದೇವರ 'ಕುಸುಮಬಾಲೆ' ಓದಿದಾಗ ನಂಜನಗೂಡು ಸೀಮೆಯವರ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಅವರ ಆಡುಮಾತೇ ಅಲ್ಲಿ ಕಥೆ ಹೇಳುತ್ತದೆ, ಯಾರನ್ನೂ ನಗಿಸಲು ಬಂದದ್ದಲ್ಲ.

ಈಗ ಜಿಗಣಿಯ ಮನೆ ಮಾಲೀಕರನ್ನು ನೋಡಬೇಕು. ಹೊಲ ಹೋದ ದುಡ್ಡಿನಲ್ಲಿ ಸಾಲು ಮನೆ ಕಟ್ಟಿ ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ತಿಂಗಳ ಐದನೇ ತಾರೀಕು ಅವರ ಬಾಯಲ್ಲಿ ಬರುವುದು ಹಿಂದಿ. ನಾನದನ್ನು ಬಾಡಿಗೆ ಹಿಂದಿ ಅನ್ನುತ್ತೇನೆ. ಮೊಮ್ಮಕ್ಕಳ ಹತ್ತಿರ ಇಂಗ್ಲಿಷು ಬೆರೆತ ಬೆಂಗಳೂರು ಕನ್ನಡ. ಬ್ಯಾಂಕಿಗೆ ಹೋದರೆ 'ಹಾಕುತ್ತೇನೆ, ತೆಗೆಯುತ್ತೇನೆ' ಎನ್ನುವ ಅರ್ಜಿ ಕನ್ನಡ. ಕೋಪ ಬಂದಾಗ ಮಾತ್ರ 'ನಮ್ ಕಡೆ ಮಾತು' ಹೊರಗೆ ಬರುತ್ತದೆ. ಒಂದು ಮಾತು ಬೈಗುಳಕ್ಕಷ್ಟೇ ಉಳಿದಿದೆಯೆಂದರೆ ಅದರ ಕಾಲ ಹತ್ತಿರ ಬಂತು ಅಂತಲೇ ಲೆಕ್ಕ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬೊಮ್ಮಸಂದ್ರದವರೆಗೆ ಬಂತು. ಅದರಲ್ಲಿ ಕೂತು ಬಾಗಿಲು ತೆರೆಯುವ ಘೋಷಣೆ ಕೇಳಿದೆ. ಅಚ್ಚುಕಟ್ಟಾದ ಕನ್ನಡ, ಒಂದು ಹ-ಕಾರವೂ ತಪ್ಪಿಲ್ಲ. ನಮ್ಮ ಮೇಷ್ಟ್ರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ, ಆಡುಮಾತಿಗೂ ಕಿವಿಗೊಟ್ಟ ಕನ್ನಡ ನಿಘಂಟುಕಾರ ಕಿಟೆಲ್ ಅವರ ಪ್ರತಿಮೆ ಇದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಆ ಮಹಾ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ ಅನ್ನುವುದು ನಮಗೆ ಗೊತ್ತು. ಆತ ಎಲ್ಲಿಯವರು ಅಂದರೆ ಜರ್ಮನಿ ಎಂದು ಸುಮ್ಮನಾಗುತ್ತೇವೆ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದು ಪೂರ್ವ ಫ್ರೀಸ್‌ಲ್ಯಾಂಡ್, ಸಮುದ್ರದಂಚಿನ, ನೆದರ್‌ಲ್ಯಾಂಡ್ಸ್ ಗಡಿಯ ಸೀಮೆ. ಅಲ್ಲಿಯ ಜನರ ಆಡುಮಾತು ಪುಸ್ತಕದ ಜರ್ಮನ್ ಅಲ್ಲ, 'ಪ್ಲಾಟ್' ಎನ್ನುವ ತಗ್ಗು ನಾಡಿನ ಜರ್ಮನ್. ಅದು ಗಡಿಯಾಚೆಯ ಡಚ್ ಹಳ್ಳಿಗಳ ಮಾತಿಗೆ ಹತ್ತಿರದ ಸಂಬಂಧಿ. ಅದಕ್ಕೂ ಹಿಂದೆ ಅಲ್ಲಿದ್ದ ಫ್ರೀಸಿಯನ್ ಭಾಷೆ ಈಗ ಝಾಟರ್‌ಲ್ಯಾಂಡ್ ಎಂಬ ಚಿಕ್ಕ ಮೂಲೆಯಲ್ಲಿ ಎರಡು ಸಾವಿರದಷ್ಟು ಜನರ ಬಾಯಲ್ಲಿ ಉಳಿದಿದೆ. ಆ ಎರಡಕ್ಕೂ ಯುರೋಪಿನ ಪ್ರಾದೇಶಿಕ ಭಾಷೆಗಳ ಒಪ್ಪಂದದ ಪ್ರಕಾರ 1999ರಿಂದ ಜರ್ಮನಿಯಲ್ಲಿ ರಕ್ಷಣೆ ಇದೆ. ಅಲ್ಲೂ ಶಾಲೆಯಲ್ಲಿ ನಾಚಿಕೆಪಟ್ಟ ಮಕ್ಕಳಿದ್ದರು; ಮನೆಯಲ್ಲಿ ಪ್ಲಾಟ್ ಬಿಟ್ಟು 'ಒಳ್ಳೆಯ ಜರ್ಮನ್' ಹಿಡಿದ ತಂದೆತಾಯಿಗಳಿದ್ದರು. ಇನ್ನೂ ದಕ್ಷಿಣಕ್ಕೆ ಹೋದರೆ ಲಕ್ಸೆಂಬರ್ಗ್ ತನ್ನ ಗಡಿನಾಡಿನ ಆಡುಮಾತನ್ನೇ 1984ರ ಕಾಯ್ದೆಯಿಂದ ರಾಷ್ಟ್ರಭಾಷೆ ಮಾಡಿಕೊಂಡಿತು. ಅದೇ ಬಗೆಯ ಮಾತು ಪಕ್ಕದ ಫ್ರಾನ್ಸಿನ ಲೊರೇನ್‌ನಲ್ಲಿ ಮುದುಕರ ಬಾಯಲ್ಲಿ ಕರಗುತ್ತಿದೆ. ಗಡಿ ಎಲ್ಲಿ ಬಿತ್ತು ಎನ್ನುವುದೇ ಮಾತಿನ ಹಣೆಬರಹವಾಗುತ್ತದೆ.

ಅಂಥ ಸೀಮೆಯಲ್ಲಿ ಹುಟ್ಟಿದವರಾದ್ದರಿಂದಲೋ ಏನೋ, ಇದು ನನ್ನ ಊಹೆ ಅಷ್ಟೆ, ಕಿಟೆಲ್ ಗ್ರಂಥದ ಕನ್ನಡಕ್ಕೆ ನಿಲ್ಲಲಿಲ್ಲ. ಜನ ಆಡುವ ಪದವನ್ನೂ ಸೇರಿಸಿ, ಮೈಸೂರು ಸೀಮೆಯದಾದರೆ ಪಕ್ಕದಲ್ಲಿ ಗುರುತು ಹಾಕಿದರು. ನಮ್ಮ ಸ್ಲೇಟು ಎತ್ತಿ ಹಿಡಿದು ತೋರಿಸುವವರಂತೂ ಆತ ಅಲ್ಲ.

ನಮ್ಮ ಗಡಿಯಾಚೆಯ ಕಥೆ ಇನ್ನೂ ವಿಚಿತ್ರ. 2006ರ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು, ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಚಿಕ್ಕಜ್ಜಿಯ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದವರು. ಮೊಮ್ಮಗನ ಮಗನಿಗೆ ಕನ್ನಡ ಅಕ್ಷರ ಬಾರದು. ಆದರೆ ಮನೆಯಲ್ಲಿ ಆಡುವುದು ಇವತ್ತಿಗೂ 'ನಮ್ ಕಡೆ ಮಾತು'. ಅವನು ನನಗೆ ವಾಟ್ಸಾಪಿನಲ್ಲಿ ಕನ್ನಡವನ್ನು ತಮಿಳಕ್ಷರದಲ್ಲಿ ಬರೆದು ಕಳಿಸುತ್ತಾನೆ. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ಹ-ಕಾರವಿಲ್ಲ, ಬೇಕಾದರೆ ಗ್ರಂಥಾಕ್ಷರ ತರಬೇಕು. ಅವನಿಗೆ ಅದು ಬೇಕಾಗುವುದೇ ಇಲ್ಲ. 'ಆಲು' ಅಂತಲೇ ಬರೆಯುತ್ತಾನೆ, 'ಅಸು' ಅಂತಲೇ ಬರೆಯುತ್ತಾನೆ, ಯಾವ ಮೇಷ್ಟ್ರೂ ತಿದ್ದುವುದಿಲ್ಲ. ಕನ್ನಡ ಕಲಿಸಿದ ಊರಿನಲ್ಲಿ ಸತ್ತದ್ದು, ಕನ್ನಡ ಕಲಿಸದ ಊರಿನಲ್ಲಿ ಉಸಿರಾಡುತ್ತಿದೆ. ಎಷ್ಟು ದಿನವೋ. ಹುಡುಗ ಹೊಸೂರಿನ ಕಾರ್ಖಾನೆಗೆ ಸೇರಿದ್ದಾನೆ, ಅಲ್ಲಿ ತಮಿಳೂ ಹಿಂದಿಯೂ ನಡೆಯುತ್ತವಂತೆ.

ಹೋದ ಸಂಕ್ರಾಂತಿಗೆ ತಳಿಗೆ ಹೋಗಿದ್ದೆ. ಚಿಕ್ಕಜ್ಜಿಗೆ ತೊಂಬತ್ತರ ಹತ್ತಿರ. ಜಗುಲಿಯ ಮೇಲೆ ಬಿಸಿಲಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡವಳೇ, "ಯಾವಾಗ್ ಬಂದ್ಯಪ್ಪಾ? ಬಾ, ಕುಂತ್ಕೋ. ಇಟ್ಟುಂಡಾ?" ಎಂದಳು. ಅಜ್ಜಿಯ ದನಿಯೇ. ಇದನ್ನು ಹಿಡಿದಿಟ್ಟುಕೊಳ್ಳಬೇಕು ಅಂತಲೇ ಹೋಗಿದ್ದೆ. ಫೋನು ತೆಗೆದು ಅವಳ ಮುಂದೆ ಮಡಗಿ, "ಅಜ್ಜೀ, ಅಕ್ಕಡಿ ಎಂಗ್ ಬಿಡ್ತಿದ್ರಿ ಯೋಳು" ಎಂದೆ.

ಅವಳು ಫೋನನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡು, ರೇಡಿಯೋದಲ್ಲಿ ಕೃಷಿ ವಾರ್ತೆ ಓದುವವರ ಹಾಗೆ ಶುರು ಮಾಡಿದಳು: "ನಾವು ಹಕ್ಕಡಿಯನ್ನು ಹೆಂಗೆ ಬಿತ್ತುತ್ತಿದ್ದೆವು ಹೆಂದರೆ..."

ಒಂದು ನಿಮಿಷ ಕೇಳಿದೆ. ಮೂರನೇ ತರಗತಿಯ ನನ್ನ ಹ-ಕಾರಗಳೆಲ್ಲ ಅವಳ ಬಾಯಲ್ಲಿದ್ದವು. ಫೋನು ತೆಗೆದು ಜೇಬಿಗೆ ಹಾಕಿಕೊಂಡೆ.

"ಆರ್ಸಿದ್ಯಾ?" ಎಂದು ಕೇಳಿದಳು.

"ಊಂ ಅಜ್ಜಿ, ಆರ್ಸ್ದೆ."

"ಅಂಗಾರೆ ಇಂಗ್ ಬಾ," ಎಂದು ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದಳು. "ಬಿಡಿಸ್ತಾ ಕೇಳು, ಯೋಳ್ತೀನಿ."